ವಿಚಿತ್ರ ಪ್ರಶ್ನೆಗಳೂ ವಿಶ್ವಚರಿತ್ರೆಯೂ

ಕಮಲಾಪುರದಿಂದ ಕಂಪ್ಲಿಯ ಕಡೆಗೆ ಸಾಗುವ ಹಾದಿಯಲ್ಲಿ, ತುಂಗಭದ್ರೆಯ ಬಲದಂಡೆಗೆ ಅನತಿದೂರದಲ್ಲಿ, ಬಾಳೆ, ಕಬ್ಬು, ಬತ್ತಗಳ ಹಸಿರಿನ ನಡುವೆ ಬುಕ್ಕಸಾಗರವೆಂಬ ಗ್ರಾಮವಿದೆ. ಹೆಸರಿನಲ್ಲೇನೋ ಸಾಗರವಿದೆ, ನಿಜವಾದ ಸಮುದ್ರವಾದರೋ ಪಡುವಣ ಘಟ್ಟಗಳಾಚೆ, ಇನ್ನೂರು ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದೆ. ಇಂತಹ ಊರಿನ ಬಾಲಕನೊಬ್ಬನು ತರಗತಿಯಲ್ಲಿ ಎದ್ದು ನಿಂತು, "ಕಡಲಿಲ್ಲದ ಊರಿಗೆ ಸಾಗರವೆಂಬ ಹೆಸರು ಹೇಗೆ ಬಂದಿತು?" ಎಂದು ಕೇಳಿದನೆಂದು ಭಾವಿಸೋಣ. ಸಹಪಾಠಿಗಳು ನಗಬಹುದು. ಉಪಾಧ್ಯಾಯರು ಗಡಿಯಾರವನ್ನು ನೋಡಿ, "ಅದು ಪಾಠದಲ್ಲಿಲ್ಲ, ಕುಳಿತುಕೋ" ಎನ್ನಬಹುದು. ಹಾಗೆ ಅವನನ್ನು ಕೂರಿಸಿದ ಗಳಿಗೆಯಲ್ಲಿಯೇ ಚರಿತ್ರೆಯ ಪಾಠವು ಮುಗಿದುಹೋಯಿತೆಂದು ತಿಳಿಯಬೇಕು. ಆಮೇಲೆ ಉಳಿಯುವುದು ಇಸವಿಗಳ ಕಂಠಪಾಠ ಮಾತ್ರ.

ಆ ಬಾಲಕನ ಪ್ರಶ್ನೆಗೆ ಉತ್ತರವುಂಟು. ವಿಜಯನಗರ ಕಾಲದ ಜನರು ದೊಡ್ಡ ಕೆರೆಗಳನ್ನು ಸಾಗರವೆಂದೂ ಸಮುದ್ರವೆಂದೂ ಕರೆಯುತ್ತಿದ್ದರು. ೧೩೫೬ರಿಂದ ೧೩೭೭ರವರೆಗೆ ಆಳಿದ ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಭವದೂರನು ಇಂದಿನ ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಗೆ ಅನಂತರಾಜಸಾಗರವೆಂದೇ ಹೆಸರು. ಮಳೆ ಕಡಿಮೆಯಾದ ನಾಡಿನಲ್ಲಿ ಒಡ್ಡಿನ ಹಿಂದೆ ನಿಂತ ನೀರೇ ಸಾಗರ. ಒಂದು ಹೆಸರಿನ ಬಗೆಗಿನ ಬಾಲಿಶವೆಂದು ತೋರುವ ಪ್ರಶ್ನೆಯು ನೀರಾವರಿಯ ಚರಿತ್ರೆಯನ್ನೂ, ರಾಜ್ಯವೊಂದರ ಆದ್ಯತೆಗಳನ್ನೂ, ಭಾಷೆಯ ಸ್ವಭಾವವನ್ನೂ ಒಮ್ಮೆಲೇ ತೆರೆದು ತೋರಿಸಿತು. ವಿಚಿತ್ರ ಪ್ರಶ್ನೆಗಳ ಮಹತ್ವವಿರುವುದು ಇಲ್ಲಿಯೇ.

ಪ್ರಶ್ನೆಯನ್ನು ಕೊಲ್ಲುವ ಬಗೆಗಳು ಎರಡು. ಮೊದಲನೆಯದು ತಿರಸ್ಕಾರ, ಪರೀಕ್ಷೆಗೆ ಬಾರದುದು ತಿಳಿಯಲರ್ಹವಲ್ಲವೆಂಬ ಭಾವನೆ. ಎರಡನೆಯದು ಇದಕ್ಕಿಂತಲೂ ಅಪಾಯಕರವಾದುದು. ಅದು ಕೇಳಿದವನ ಮನಸ್ಸಿಗೆ ಹಿತವಾಗುವ ಸಿದ್ಧ ಉತ್ತರವನ್ನು ಕೂಡಲೇ ಕೈಗಿಡುವುದು. ತಿರಸ್ಕೃತನಾದ ವಿದ್ಯಾರ್ಥಿಯು ಮುಂದೆ ಎಂದಾದರೂ ತಾನೇ ಹುಡುಕಬಹುದು. ಹಿತವಾದ ಉತ್ತರದಿಂದ ತೃಪ್ತನಾದವನು ಮತ್ತೆ ಹುಡುಕುವುದೇ ಇಲ್ಲ. ಹಂಪೆಯ ಸುತ್ತಮುತ್ತಲಿನ ಶಾಲೆಗಳಿಗೆ ಈ ಎರಡನೆಯ ಅಪಾಯವು ಹೆಚ್ಚು ಸಮೀಪದಲ್ಲಿದೆ. ಏಕೆಂದರೆ ಇಲ್ಲಿಯ ಪ್ರತಿ ಬಂಡೆಗೂ ಒಂದು ಕತೆಯಿದೆ, ಪ್ರತಿ ಕತೆಗೂ ಸಿದ್ಧವಾದ ಒಂದು ಉತ್ತರವಿದೆ.

ಹಂಪೆಗೆ ಬರುವ ಪ್ರವಾಸಿಗಳೂ ಊರಿನ ಮಕ್ಕಳೂ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಬೀದಿಯಲ್ಲಿ ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದುದು ನಿಜವೇ?" ನಿಜವೆಂದು ಹೆಮ್ಮೆಯಿಂದ ಹೇಳಿ ಮುಂದೆ ನಡೆಯುವುದು ಸುಲಭ. ಆದರೆ ಹೇಳಿದವರು ಯಾರು ಎಂದು ಕೇಳಿದಾಗಲೇ ಚರಿತ್ರೆಯ ಬಾಗಿಲು ತೆರೆಯುವುದು. ಹೆರಾತದ ದೊರೆ ಶಾಹರುಖನ ರಾಯಭಾರಿಯಾಗಿ ೧೪೪೩ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕನು, ರತ್ನಪಡಿ ವ್ಯಾಪಾರಿಗಳು ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಪೇಟೆಯಲ್ಲಿ ಬಹಿರಂಗವಾಗಿ ಮಾರುತ್ತಾರೆಂದು ಬರೆದನು. ಆ ಮಾತಿನಲ್ಲಿ ಬಳ್ಳವೂ ಇಲ್ಲ, ಸೇರೂ ಇಲ್ಲ. ಅವನಿಗೆ ಆಶ್ಚರ್ಯವೆನಿಸಿದ್ದು ರತ್ನಗಳ ರಾಶಿಗಿಂತ ಹೆಚ್ಚಾಗಿ ಆ ನಿರ್ಭಯ. ಬೆಲೆಬಾಳುವ ವಸ್ತುವನ್ನು ಬೀದಿಯಲ್ಲಿ ತೆರೆದಿಟ್ಟುಕೊಂಡು ಕೂರಬಹುದಾದ ಆ ಸುವ್ಯವಸ್ಥೆ. ಬಳ್ಳದ ಕತೆಯು ಐಶ್ವರ್ಯವನ್ನು ಹೊಗಳುತ್ತದೆ. ಸಾಕ್ಷಿಯ ಮಾತು ಆಡಳಿತವನ್ನು ಹೊಗಳುತ್ತದೆ. ಯಾವುದು ದೊಡ್ಡ ಹೊಗಳಿಕೆಯೆಂಬುದನ್ನು ವಿದ್ಯಾರ್ಥಿಗಳೇ ನಿರ್ಧರಿಸಲಿ.

ಎರಡನೆಯ ಪ್ರಶ್ನೆ: "ವಿಜಯನಗರವು ರೋಮ್ ನಗರದಷ್ಟು ದೊಡ್ಡದಾಗಿತ್ತೇ?" ೧೫೨೦ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಗುಡ್ಡವೊಂದನ್ನೇರಿ ನೋಡಿ, ತನಗೆ ಕಂಡಷ್ಟು ಭಾಗವೇ ರೋಮಿನಷ್ಟು ದೊಡ್ಡದೆಂದು ಬರೆದದ್ದು ಪ್ರಸಿದ್ಧವಾಗಿದೆ. ಆದರೆ ಯಾವ ರೋಮ್? ಸೀಸರರ ಕಾಲದ ರೋಮ್ ಸುಮಾರು ಹತ್ತು ಲಕ್ಷ ಜನರ ನಗರವಾಗಿತ್ತೆಂದು ವಿದ್ವಾಂಸರು ಅಂದಾಜು ಮಾಡುತ್ತಾರೆ. ಪಾಯೆಸನ ಕಾಲದ ರೋಮ್ ಅದಲ್ಲ. ಪ್ರಾಚೀನ ಕೋಟೆಯೊಳಗೆ ಬಹುಭಾಗ ಪಾಳುಬಿದ್ದು, ತೋಟ ಹೊಲಗಳಾಗಿ, ೧೫೨೬-೨೭ರ ಜನಗಣತಿಯಲ್ಲಿ ಸುಮಾರು ೫೫,೦೦೦ ಜನರನ್ನು ಮಾತ್ರ ಹೊಂದಿದ್ದ ನಗರವದು. ಇದರಿಂದ ವಿಜಯನಗರದ ಹಿರಿಮೆಗೆ ಕುಂದುಂಟಾಗುವುದಿಲ್ಲ. ಆದರೆ ವಿದ್ಯಾರ್ಥಿಗೆ ದೊರೆಯುವ ಲಾಭವು ಬಹು ದೊಡ್ಡದು. ಹೋಲಿಕೆಯನ್ನು ಕೇಳಿದಾಗ, ಹೋಲಿಸಿದವನು ಯಾವುದನ್ನು ಕಂಡಿದ್ದನು ಎಂದು ಮರುಪ್ರಶ್ನೆ ಹಾಕುವ ಅಭ್ಯಾಸವು ಅವನಿಗೆ ಬರುತ್ತದೆ. ಇನ್ನೊಂದನ್ನೂ ಅವನು ಕಲಿಯುತ್ತಾನೆ: ಹಂಪೆಯಂತೆಯೇ ರೋಮ್ ನಗರವೂ ಒಂದು ಕಾಲಕ್ಕೆ ಹಾಳು ಹಂಪೆಯಾಗಿತ್ತು.

ಮೂರನೆಯ ಪ್ರಶ್ನೆಯು ಅಡಿಗೆಮನೆಯಿಂದ ಹುಟ್ಟುವಂಥದು. "ಬುಕ್ಕರಾಯನು ಜೋಳದ ರೊಟ್ಟಿಯೊಡನೆ ಮೆಣಸಿನಕಾಯಿ ಚಟ್ನಿ ತಿನ್ನುತ್ತಿದ್ದನೇ?" ಕೇಳಿದವರನ್ನು ನಗಿಸುವ ಪ್ರಶ್ನೆಯಾದರೂ ಉತ್ತರವು ಭೂಮಂಡಲವನ್ನು ಸುತ್ತಿ ಬರುತ್ತದೆ. ಜೋಳವಿತ್ತು, ರೊಟ್ಟಿಗೆ ಅಡ್ಡಿಯಿಲ್ಲ, ಮೆಣಸಿನಕಾಯಿ ಇರಲಿಲ್ಲ. ಅದರ ತವರು ಅಮೆರಿಕ ಖಂಡ. ಕೊಲಂಬಸನು ೧೪೯೨ರಲ್ಲಿ ಆ ಕಡೆಗೆ ಹೋದ ಮೇಲೆ, ವಾಸ್ಕೊ ಡ ಗಾಮನು ೧೪೯೮ರಲ್ಲಿ ಕಲ್ಲಿಕೋಟೆಗೆ ಬಂದ ಮೇಲೆ, ಪೋರ್ಚುಗೀಸರ ಹಡಗುಗಳ ಮೂಲಕ ಅದು ಪಶ್ಚಿಮ ಕರಾವಳಿಗೆ ಇಳಿಯಿತು. ಬುಕ್ಕನು ಗತಿಸಿ ಆಗಲೇ ನೂರು ವರ್ಷಗಳಿಗೂ ಮೇಲಾಗಿತ್ತು. ಕನ್ನಡ ಭಾಷೆಯೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಮೊದಲು ಖಾರಕ್ಕೆ ಇದ್ದದ್ದು ಮೆಣಸು. ಹೊಸದಾಗಿ ಬಂದದ್ದನ್ನು ಜನರು ಮೆಣಸಿನ ಕಾಯಿಯೆಂದು ಕರೆದರು. ಕ್ರಮೇಣ ಹೊಸತು ಮನೆಮಾತಾಗಿ, ಹಳೆಯ ಮೆಣಸೇ ತನ್ನನ್ನು ಗುರುತಿಸಿಕೊಳ್ಳಲು ಕರಿಮೆಣಸು, ಒಳ್ಳೆಮೆಣಸು ಎಂಬ ವಿಶೇಷಣಗಳನ್ನು ತೊಡಬೇಕಾಯಿತು. ಹದಿನಾರನೆಯ ಶತಮಾನದ ಪುರಂದರದಾಸರ ಹೆಸರಿನಲ್ಲಿ ಪ್ರಚಲಿತವಾಗಿರುವ ಪದವೊಂದರಲ್ಲಿ ಮೆಣಸಿನಕಾಯಿಯ ಪ್ರಸ್ತಾಪವಿದೆಯೆಂದು ಆಹಾರದ ಇತಿಹಾಸವನ್ನು ಬರೆದ ಕೆ. ಟಿ. ಅಚ್ಚಯ್ಯನವರು ಗುರುತಿಸಿದ್ದಾರೆ. ಹೊಲದ ಬದುವಿನಲ್ಲಿ ಕೆಂಪಗೆ ಹಣ್ಣಾಗಿರುವ ಕಾಯಿಯು ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದುದೆಂಬುದನ್ನು ಅರಿತ ರೈತನ ಮಗನಿಗೆ, ವಿಶ್ವಚರಿತ್ರೆಯು ಪರದೇಶದವರ ಕತೆಯೆಂದು ಮತ್ತೆ ತೋರುವುದಿಲ್ಲ.

ನಾಲ್ಕನೆಯದು ಕುದುರೆಯ ಪ್ರಶ್ನೆ. "ಸತ್ತ ಕುದುರೆಗೂ ವಿಜಯನಗರದ ಅರಸರು ಹಣ ಕೊಡುತ್ತಿದ್ದರಂತೆ, ಅವರಿಗೆ ಲೆಕ್ಕ ಬರುತ್ತಿರಲಿಲ್ಲವೇ?" ೧೫೩೫ರ ಸುಮಾರಿಗೆ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜನು, ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಗಳ ಬಾಲವನ್ನು ತಂದು ತೋರಿಸಿದರೂ ಬದುಕಿರುವ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಬರೆದಿದ್ದಾನೆ. ನಗುವ ಮುನ್ನ ಲೆಕ್ಕ ಹಾಕಬೇಕು. ದಖ್ಖಣದಲ್ಲಿ ಯುದ್ಧಕ್ಕೆ ಯೋಗ್ಯವಾದ ಕುದುರೆಗಳು ಚೆನ್ನಾಗಿ ಬೆಳೆಯುತ್ತಿರಲಿಲ್ಲ. ಅರೇಬಿಯ, ಪರ್ಷಿಯಗಳಿಂದ ಹೋರ್ಮುಜ್ ಬಂದರಿನ ಮೂಲಕ ಅವು ಬರಬೇಕಾಗಿತ್ತು. ಸಮುದ್ರಯಾನದ ನಷ್ಟವೆಲ್ಲ ವ್ಯಾಪಾರಿಯ ತಲೆಯ ಮೇಲೆಯೇ ಬಿದ್ದರೆ ಅವನು ಮುಂದಿನ ವರ್ಷ ಬಾರನು, ಅಥವಾ ನೆರೆಯ ರಾಜನಲ್ಲಿಗೆ ಹೋದಾನು. ನಷ್ಟವನ್ನು ಅರಸನೇ ಹೊತ್ತರೆ ವ್ಯಾಪಾರಿಯು ನಿಶ್ಚಿಂತನಾಗಿ ಇಲ್ಲಿಗೇ ಬರುವನು. ಇಂದಿನ ಮಾತಿನಲ್ಲಿ ಅದೊಂದು ವಿಮೆ. ೧೫೧೦ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಈ ವ್ಯಾಪಾರದ ಕೀಲಿಕೈ ಅವರ ಕೈಸೇರಿತು. ವಿಜಯನಗರದ ಅರಸರು ಅವರೊಡನೆ ಸ್ನೇಹವನ್ನು ಬಯಸಿದ್ದೇಕೆಂಬುದು ಆಗ ತಾನಾಗಿ ವಿಶದವಾಗುತ್ತದೆ. ಹಜಾರರಾಮ ದೇವಾಲಯದ ಪ್ರಾಕಾರದ ಮೇಲೆ ಸಾಲುಸಾಲಾಗಿ ನಡೆಯುವ ಕುದುರೆಗಳನ್ನು ಕಂಡಾಗ ಈ ಪ್ರಶ್ನೆಯನ್ನು ಕೇಳದ ವಿದ್ಯಾರ್ಥಿಯು ಕಲ್ಲನ್ನು ಮಾತ್ರ ಕಂಡನು. ಕೇಳಿದವನು ಅರಬ್ಬೀ ಸಮುದ್ರವನ್ನು ಕಂಡನು.

ಇಷ್ಟೆಲ್ಲ ಸಾಕ್ಷ್ಯವನ್ನು ಕೇಳಿದ ಬಳಿಕ ಚುರುಕಾದ ವಿದ್ಯಾರ್ಥಿನಿಯೊಬ್ಬಳು ಐದನೆಯ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾಳೆ: "ಎಲ್ಲವನ್ನೂ ಪರದೇಶದವರೇ ಬರೆದರೇ? ಈ ನಾಡಿನವರು ಏಕೆ ಬರೆಯಲಿಲ್ಲ?" ಬರೆದರು, ಆದರೆ ಬೇರೆಯದನ್ನು ಬರೆದರು. ಅತಿಥಿಗೆ ವಿಶೇಷವೆನಿಸುವುದು ಮನೆಯವರಿಗೆ ನಿತ್ಯದ ಮಾತು. ಬೀದಿಯ ಅಗಲವನ್ನೂ ಪೇಟೆಯ ಧಾನ್ಯಗಳನ್ನೂ ಅವರು ಬರೆದಿಡಲಿಲ್ಲ. ಶಾಶ್ವತವಾಗಿ ಉಳಿಯಬೇಕೆಂದು ಅವರಿಗೆ ತೋರಿದ್ದನ್ನು ಕಲ್ಲಿನಲ್ಲಿ ಕೆತ್ತಿಸಿದರು: ದಾನ, ಗಡಿ, ತೆರಿಗೆ, ತೀರ್ಪು, ನೀರು. ೧೩೬೮ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ತೀರ್ಮಾನಿಸಿದ ಬಗೆಯು ಶ್ರವಣಬೆಳಗೊಳದ ಶಾಸನದಲ್ಲಿದೆ. ಮೇಲೆ ಹೇಳಿದ ಪೋರುಮಾಮಿಳ್ಳದ ಕೆರೆಯ ೧೩೬೯ರ ಶಾಸನವಂತೂ ಒಂದು ಶಾಸ್ತ್ರಗ್ರಂಥದಂತಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಎಣಿಸುತ್ತದೆ. ಒಡ್ಡಿನಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು ಇವೆಲ್ಲ ಆ ದೋಷಗಳ ಸಾಲಿನಲ್ಲಿವೆ. ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಅದನ್ನು ಮುಗಿಸಿದುದನ್ನೂ ಅದು ದಾಖಲಿಸಿದೆ. ಗಡಿಯಲ್ಲಿ ಕೆರೆ ಕಟ್ಟಬಾರದೆಂಬ ಎಚ್ಚರಿಕೆಯು ಆರು ನೂರೈವತ್ತು ವರ್ಷಗಳ ಹಿಂದಿನದು. ಅಂತರರಾಜ್ಯ ನದೀವಿವಾದಗಳನ್ನು ಪತ್ರಿಕೆಗಳಲ್ಲಿ ಓದುವ ಇಂದಿನವರಿಗೆ ಇದು ಹಳೆಯದೆನಿಸುವುದೇ?

ಆರನೆಯ ಪ್ರಶ್ನೆಯು ಎಲ್ಲಕ್ಕಿಂತ ಕಠಿಣವಾದುದು. "ಇಷ್ಟು ದೊಡ್ಡ ಸಾಮ್ರಾಜ್ಯವು ಒಂದೇ ದಿನದಲ್ಲಿ ಹೇಗೆ ಬಿದ್ದಿತು?" ಇಲ್ಲಿ ಸಿದ್ಧ ಉತ್ತರಗಳು ಕಾದು ಕುಳಿತಿವೆ. ಒಂದು ಪಕ್ಷದವರು ಧರ್ಮದ್ವೇಷವೊಂದೇ ಕಾರಣವೆನ್ನುವರು. ಮತ್ತೊಂದು ಪಕ್ಷದವರು ದ್ರೋಹವೊಂದೇ ಕಾರಣವೆನ್ನುವರು. ಉಪಾಧ್ಯಾಯರಾದವರು ಮೊದಲು ಪ್ರಶ್ನೆಯನ್ನೇ ಪರೀಕ್ಷಿಸಬೇಕು. ಒಂದು ದಿನದಲ್ಲಿ ಮುಗಿದದ್ದು ಯುದ್ಧ. ೧೫೬೫ರ ಜನವರಿ ೨೩ರಂದು, ರಾಜಧಾನಿಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಕೃಷ್ಣಾತೀರದ ಪ್ರದೇಶದಲ್ಲಿ ನಡೆದ ಆ ಕದನವನ್ನು ತಾಳೀಕೋಟೆಯ ಯುದ್ಧವೆಂದೂ ರಕ್ಕಸ-ತಂಗಡಗಿಯ ಯುದ್ಧವೆಂದೂ ಕರೆಯುತ್ತಾರೆ. ಅಳಿಯ ರಾಮರಾಯನು ಅಲ್ಲಿ ಮಡಿದನು. ಆದರೆ ಅದೇ ರಾಮರಾಯನು ಕೆಲವೇ ವರ್ಷಗಳ ಹಿಂದೆ ಬಿಜಾಪುರದ ಅಲಿ ಆದಿಲಶಾಹನೊಡನೆ ಸೇರಿ ಅಹಮದನಗರದ ಮೇಲೆ ದಂಡೆತ್ತಿ ಹೋಗಿದ್ದನು. ನಿನ್ನೆಯ ಮಿತ್ರನು ಇಂದು ವೈರಿಯಾದುದನ್ನು ಧರ್ಮವೊಂದರಿಂದಲೇ ವಿವರಿಸಲಾಗದು. ಯುದ್ಧಾನಂತರ ದೇವಾಲಯಗಳಿಗೂ ವಿಗ್ರಹಗಳಿಗೂ ಒದಗಿದ ಭಗ್ನಸ್ಥಿತಿಯನ್ನು ಮರೆಮಾಚಲೂ ಆಗದು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯವೇ ಚರಿತ್ರೆಯ ಉಪಾಧ್ಯಾಯನ ಧೈರ್ಯ.

ಇನ್ನು ಸಾಮ್ರಾಜ್ಯವು ಆ ದಿನ ಬೀಳಲಿಲ್ಲ. ರಾಮರಾಯನ ತಮ್ಮ ತಿರುಮಲನು ಪೆನುಗೊಂಡೆಗೆ ಹೋದನು. ಅರವೀಡು ವಂಶದವರು ಪೆನುಗೊಂಡೆ, ಚಂದ್ರಗಿರಿ, ವೆಲ್ಲೂರುಗಳಿಂದ ಹದಿನೇಳನೆಯ ಶತಮಾನದ ಮಧ್ಯದವರೆಗೂ ವಿಜಯನಗರದ ಹೆಸರಿನಲ್ಲಿಯೇ ಆಳಿದರು. ಬಿದ್ದದ್ದು ನಗರ, ಅದೂ ತಿಂಗಳುಗಟ್ಟಲೆ ನಡೆದ ಕೊಳ್ಳೆಯಲ್ಲಿ. ೧೫೬೭ರಲ್ಲಿ ಇಲ್ಲಿ ಏಳು ತಿಂಗಳು ತಂಗಿದ್ದ ವೆನಿಸಿನ ವ್ಯಾಪಾರಿ ಸೀಸರ್ ಫ್ರೆಡರಿಕನು, ಮನೆಗಳು ಇನ್ನೂ ನಿಂತಿದ್ದರೂ ಬರಿದಾಗಿವೆಯೆಂದು ಬರೆದನು. ಇದನ್ನು ತಿಳಿದ ವಿದ್ಯಾರ್ಥಿಗೆ ರೋಮಿನ ಪತನವೂ ಬೇರೆಯಾಗಿ ಕಾಣುತ್ತದೆ. ಪಠ್ಯಪುಸ್ತಕವು ೪೭೬ರಲ್ಲಿ ರೋಮ್ ಬಿದ್ದಿತೆನ್ನುತ್ತದೆ. ಆದರೆ ಪೂರ್ವದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ರೋಮನ್ ಚಕ್ರವರ್ತಿಗಳೆಂದೇ ಕರೆದುಕೊಂಡವರು ೧೪೫೩ರವರೆಗೆ ಆಳುತ್ತಿದ್ದರು. ರಾಜಧಾನಿಯ ಪತನ ಬೇರೆ, ರಾಜ್ಯದ ಪತನ ಬೇರೆ ಎಂಬ ವಿವೇಕವನ್ನು ಹಂಪೆಯ ಹುಡುಗನು ತನ್ನ ಊರಿನಿಂದಲೇ ಕಲಿತು ಯುರೋಪಿಗೆ ಕೊಂಡೊಯ್ಯಬಲ್ಲನು.

ಕೊನೆಯದಾಗಿ, ಒಂದು ಪುಸ್ತಕದ ಹೆಸರೇ ಎಬ್ಬಿಸಿದ ಪ್ರಶ್ನೆಯಿದೆ. ಮದರಾಸು ಪ್ರಾಂತ್ಯದ ಆಡಳಿತಾಧಿಕಾರಿಯಾಗಿದ್ದ ರಾಬರ್ಟ್ ಸೀವೆಲನು, ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದು ೧೮೯೭ರಲ್ಲಿ ಡೇವಿಡ್ ಲೋಪೆಸನು ಪ್ರಕಟಿಸಿದ ಪಾಯೆಸ್ ಮತ್ತು ನೂನಿಜರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದು, ೧೯೦೦ರಲ್ಲಿ ವಿಜಯನಗರದ ಚರಿತ್ರೆಯನ್ನು ಬರೆದನು. ಅವನ ಉಪಕಾರವು ಚಿರಸ್ಮರಣೀಯವಾದುದೇ ಸರಿ. ಆದರೆ ಅವನು ಗ್ರಂಥಕ್ಕೆ ಇಟ್ಟ ಹೆಸರು 'ಮರೆತುಹೋದ ಸಾಮ್ರಾಜ್ಯ' ಎಂದು. ಮರೆತವರು ಯಾರು? ಐದು ವರ್ಷಗಳೊಳಗೆ, ೧೯೦೫ರಲ್ಲಿ, ಬಿ. ಸೂರ್ಯನಾರಾಯಣರಾಯರು ತಮ್ಮ ಚರಿತ್ರೆಯನ್ನು ಪ್ರಕಟಿಸಿ ಅದಕ್ಕೆ 'ಎಂದಿಗೂ ಮರೆಯಲಾಗದ ಸಾಮ್ರಾಜ್ಯ' ಎಂಬರ್ಥದ ಹೆಸರನ್ನಿಟ್ಟರು. ಪುಸ್ತಕಗಳ ಈ ವಾದವನ್ನರಿಯದ ರೈತರು ತುರ್ತು ಕಾಲುವೆಯ ನೀರನ್ನು ತಮ್ಮ ಬಾಳೆತೋಟಗಳಿಗೆ ತಿರುಗಿಸಿಕೊಳ್ಳುತ್ತಲೇ ಇದ್ದರು. ಅರಸರ ಕಾಲದ ಆ ಕಾಲುವೆಯು ಇಂದಿಗೂ ಹರಿಯುತ್ತಿದೆ. ಪಂಪಾ ವಿರೂಪಾಕ್ಷನ ಗುಡಿಯಲ್ಲಿ ದೀಪವು ಆರಲಿಲ್ಲ. ಕನ್ನಡ ಕವಿ ಹರಿಹರನು ಹಂಪೆಯಲ್ಲಿ ನೆಲೆಸಿದ್ದು ಸಾಮ್ರಾಜ್ಯದ ಸ್ಥಾಪನೆಗೂ ಮುಂಚೆ. ಊರಿನ ನೆನಪು ಅರಮನೆಗಿಂತ ಹಿರಿಯದು. ಗ್ರಂಥಾಲಯದಲ್ಲಿ ಮರೆತದ್ದು ಗದ್ದೆಯಲ್ಲಿ ನೆನಪಿರಬಹುದು. ಆದರೆ ಗದ್ದೆಯ ನೆನಪಿಗೆ ಇಸವಿಯಿರುವುದಿಲ್ಲ, ಗ್ರಂಥಾಲಯಕ್ಕೆ ಇಸವಿಯಿರುತ್ತದೆ. ಶಾಲೆಯಿರುವುದು ಇವೆರಡನ್ನೂ ಕೂಡಿಸುವುದಕ್ಕಾಗಿ.

ಪ್ರಶ್ನೆಗೆ ಉತ್ತರವು ತಡವಾಗಿ ಬಂದರೂ ಬಾಧಕವಿಲ್ಲವೆಂಬುದಕ್ಕೆ ನದಿಯಾಚೆಯ ರಾಯಚೂರು ಜಿಲ್ಲೆಯ ಮಸ್ಕಿಯೇ ನಿದರ್ಶನ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪನು ಬ್ರಾಹ್ಮೀ ಲಿಪಿಯನ್ನು ಓದಿದಾಗ, ಶಿಲಾಶಾಸನಗಳಲ್ಲಿ ಮತ್ತೆ ಮತ್ತೆ ಬರುವ 'ದೇವಾನಾಂಪ್ರಿಯ'ನು ಯಾರೆಂಬ ಪ್ರಶ್ನೆ ಎದ್ದಿತು. ಸಿಂಹಳದ ಗ್ರಂಥಗಳ ನೆರವಿನಿಂದ ಅವನು ಅಶೋಕನೇ ಇರಬೇಕೆಂದು ವಿದ್ವಾಂಸರು ಊಹಿಸಿದರು. ಆದರೆ ಕಲ್ಲಿನಲ್ಲಿ ಅಶೋಕನ ಹೆಸರೇ ಸ್ಪಷ್ಟವಾಗಿ ಕಂಡುಬಂದದ್ದು ೧೯೧೫ರಲ್ಲಿ, ಚಿನ್ನದ ಅದಿರನ್ನು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ನನಿಗೆ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ. ಎಪ್ಪತ್ತೆಂಟು ವರ್ಷಗಳ ಕಾಲ ಒಂದು ಪ್ರಶ್ನೆಯನ್ನು ಜೀವಂತವಾಗಿಟ್ಟುಕೊಂಡಿದ್ದ ವಿದ್ವಾಂಸರ ತಾಳ್ಮೆಗೆ, ನಲವತ್ತು ನಿಮಿಷಗಳ ಪಾಠದ ಅವಧಿಯಲ್ಲಿ ಐದು ನಿಮಿಷವನ್ನು ಪ್ರಶ್ನೆಗೆ ಕೊಡಲಾರದ ಅವಸರವನ್ನು ಹೋಲಿಸಿ ನೋಡಬೇಕು.

ಇದರಿಂದ ಶಾಲೆಗಳು ಕೈಗೊಳ್ಳಬಹುದಾದ ಕಾರ್ಯವು ದುಬಾರಿಯದಲ್ಲ. ಪ್ರತಿ ತರಗತಿಯಲ್ಲಿ ಒಂದು ಪ್ರಶ್ನೆಗಳ ಪುಸ್ತಕವಿರಲಿ. ಮಕ್ಕಳು ಕೇಳಿದುದನ್ನು, ಎಷ್ಟೇ ವಿಚಿತ್ರವಾಗಿದ್ದರೂ, ಅವರ ಮಾತಿನಲ್ಲಿಯೇ ಅದರಲ್ಲಿ ಬರೆಯಲಿ. ಅದರ ಎದುರಿಗೆ ಉಪಾಧ್ಯಾಯರು ಉತ್ತರವನ್ನು ಮಾತ್ರವಲ್ಲ, ಹಾಗೆಂದು ಹೇಳಿದವರಾರು, ಅವರು ಅದನ್ನು ಕಣ್ಣಾರೆ ಕಂಡಿದ್ದರೇ, ಕಲ್ಲು ಅಥವಾ ಕಾಗದದ ಸಾಕ್ಷಿ ಯಾವುದು ಎಂಬುದನ್ನೂ ಬರೆಯಲಿ. ಗೊತ್ತಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಲಿ. ಖಾಲಿ ಬಿಟ್ಟ ಜಾಗವು ಅವಮಾನವಲ್ಲ. ಮುಂದಿನ ತರಗತಿಯ ಮಕ್ಕಳಿಗೆ ಬಿಟ್ಟುಹೋದ ಆಸ್ತಿ. ಹಳೆಯ ವಿದ್ಯಾರ್ಥಿಗಳು ಊರಿನ ಶಾಸನಗಳ, ಕೆರೆ ಕಾಲುವೆಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಅದಕ್ಕೆ ಸೇರಿಸಬಹುದು. ದಾನಿಗಳು ಕಟ್ಟಡಗಳಿಗೆ ಉದಾರವಾಗಿ ನೀಡಿದ್ದಾರೆ. ಅಂತಹ ಪುಸ್ತಕದ ಪ್ರಶ್ನೆಗಳಿಗೆ ಉತ್ತರವನ್ನೊದಗಿಸುವ ಗ್ರಂಥಗಳಿಗೂ, ವರ್ಷಕ್ಕೊಮ್ಮೆ ಮಕ್ಕಳನ್ನು ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಮಸ್ಕಿಯ ಬಂಡೆಗೂ ಕರೆದೊಯ್ಯುವ ವಾಹನಕ್ಕೂ ಅದರ ಒಂದು ಸಣ್ಣ ಪಾಲು ಸಾಕಾದೀತು.

ಹಂಪೆಯು ೧೯೮೬ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಯನ್ನು ಸೇರಿತು. ಅಂದಿನಿಂದ ವಿಶ್ವವೇ ಇಲ್ಲಿಗೆ ಬಂದು ಪ್ರಶ್ನೆ ಕೇಳುತ್ತಿದೆ. ಕೇಳುವವರು ಹೊರಗಿನವರು, ಉರುಹೊಡೆದ ಉತ್ತರ ಒಪ್ಪಿಸುವವರು ಊರಿನವರು ಎಂಬ ಸ್ಥಿತಿಯು ಉಳಿಯಬಾರದು. ಬುಕ್ಕಸಾಗರದ ಬಾಲಕನು ಎದ್ದು ನಿಂತಾಗ ಉಪಾಧ್ಯಾಯರು ಸುಣ್ಣದ ಕಡ್ಡಿಯನ್ನು ಕೆಳಗಿಟ್ಟು, "ಒಳ್ಳೆಯ ಪ್ರಶ್ನೆ, ಇದನ್ನು ತಿಳಿಯುವುದು ಹೇಗೆ?" ಎಂದು ಕೇಳಿದರೆ ಸಾಕು. ಅಷ್ಟರಿಂದಲೇ ಪಾಠವು ಪ್ರಾರಂಭವಾಗುತ್ತದೆ.